ಮುಂಬೈಯಲ್ಲಿ ನಮ್ಮ ಏರಿಯಾದ ತಕರಾರನ್ನು ಶಾಸಕರು ಮಂತ್ರಿಗಳಿಗೆ ಮುಟ್ಟಿಸುವುದು ಹೇಗೆ?

ಮೊದಲು ತಕರಾರು ಯಾರ ಪಾಲಿನದೆಂದು ನೋಡಿ. ಗಟಾರ, ಗಲ್ಲಿ ರಸ್ತೆ ಬಿಎಂಸಿಯದು, ಅಂದರೆ ಮುಂಬೈ ಮಹಾನಗರ ಪಾಲಿಕೆಯದು. ಲೋಕಲ್ ಟ್ರೇನ್ ಕೇಂದ್ರದ್ದು, ಅದಕ್ಕೆ ಸಂಸದರನ್ನು ಹಿಡಿಯಬೇಕು. ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಯೋಜನೆಯ ಕಟ್ಟಡ ಅರ್ಧಕ್ಕೆ ನಿಂತು, ಮನೆ ಬಿಟ್ಟು ಹೊರಗಿರುವವರಿಗೆ ಬಿಲ್ಡರ್ ಬಾಡಿಗೆ ಕೊಡುತ್ತಿಲ್ಲವೆಂದರೆ ಅದು ರಾಜ್ಯದ ವಸತಿ ಖಾತೆಗೆ ಸೇರಿದ್ದು. ಶಾಸಕರ ಬಳಿ ಹೋಗಿ.

ಸಾಮಾನ್ಯ ದಾರಿ ಪತ್ರ. ಶಾಸಕರ ಲೆಟರ್‌ಹೆಡ್‌ನಲ್ಲಿ ಹೋದ ಮನವಿಯ ಮೇಲೆಯೇ ಮಂತ್ರಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂಬರ್ಥದ ಷರಾ ಬರೆದು ಅಧಿಕಾರಿಗೆ ದಾಟಿಸುತ್ತಾರೆ. ಎಷ್ಟೋ ಕಾಗದ ಅಲ್ಲೇ ಧೂಳು ತಿನ್ನುತ್ತವೆ, ಅದು ಬೇರೆ ಮಾತು.

ಬಿಸಿ ಮುಟ್ಟುವುದು ಅಧಿವೇಶನದಲ್ಲಿ. ಚಳಿಗಾಲದ್ದು ನಾಗಪುರದಲ್ಲಿ, ಉಳಿದವು ಮುಂಬೈಯಲ್ಲೇ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಬಿಡಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ತುರ್ತಿನದಾದರೆ ಗಮನ ಸೆಳೆಯುವ ಸೂಚನೆ, ಅಲ್ಲಿಯವರು ‘ಲಕ್ಷವೇಧಿ’ ಎನ್ನುವುದು ಇದನ್ನೇ. ಅಲ್ಲಿ ಮಂತ್ರಿ ಕೊಟ್ಟ ಮಾತು ಈಡೇರಿತೋ ಇಲ್ಲವೋ ಎಂದು ನೋಡಲು ಆಶ್ವಾಸನಾ ಸಮಿತಿಯಿದೆ. ಹಾಗಾಗಿ ನನ್ನ ಪ್ರಕಾರ ಹತ್ತು ಪತ್ರಕ್ಕಿಂತ ಒಂದು ಪ್ರಶ್ನೆ ವಾಸಿ.

ಅಧಿವೇಶನಕ್ಕೆ ಸಾಕಷ್ಟು ಮುಂಚೆಯೇ ಹೋಗಿ. ಮನವಿ ಮರಾಠಿಯಲ್ಲಿರಲಿ, ಸೊಸೈಟಿಯವರ ಸಹಿ, ಎಸ್‌ಆರ್‌ಎಗೆ ಹಿಂದೆ ಕೊಟ್ಟ ಅರ್ಜಿಗಳ ಸ್ವೀಕೃತಿ ಪ್ರತಿ ಜೊತೆಗಿರಲಿ.