ಬಣ್ಣ ಬಿಟ್ಟ ಅಂಗಿ, ಬ್ರಶ್ ಮುಟ್ಟದ ಮಗಳು: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು ಬೆಂಗಳೂರಿನ ಒಬ್ಬ ತಾಯಿ. ಜೊತೆಗೆ ನಾಲ್ಕನೇ ತರಗತಿಯ ಮಗಳು, 9 ವರ್ಷ. ಯುಕೆಜಿಯ ಮಗ, 5 ವರ್ಷ. ಮನೆಯಲ್ಲಿ ತಂದೆ ಮತ್ತು ಅಜ್ಜಿ ಇದ್ದಾರೆ. ತಾಯಿ ಹೇಳಿದ್ದು ಇಷ್ಟು: "ದಸರಾ ರಜೆ ಶುರುವಾದಾಗಿನಿಂದ ಇವಳು ಪೆನ್ಸಿಲ್ಲೂ ಮುಟ್ಟಲ್ಲ, ಬ್ರಶ್ಶೂ ಮುಟ್ಟಲ್ಲ ಮೇಡಂ. ಕೇಳಿದ್ರೆ ನಂಗೆ ಬರಲ್ಲ ಅಂತಾಳೆ."

ದೀಪಾವಳಿಯ ಎಣ್ಣೆ ಸ್ನಾನ ಮುಗಿಸಿ ಮಕ್ಕಳು ತಾವೇ ಬಣ್ಣ ಹಚ್ಚಿದ ಅಂಗಿ ತೊಡಲಿ ಎನ್ನುವುದು ತಾಯಿಯ ಆಸೆ. ಅಂಗಡಿಯಿಂದ ಎರಡು ಬಿಳಿ ಟೀ ಶರ್ಟ್ ತಂದು, ಮನೆಯಲ್ಲಿದ್ದ ಪೋಸ್ಟರ್ ಕಲರ್ ಕೊಟ್ಟು ಕೂರಿಸಿದರು. "ಯಾರದು ಚೆನ್ನಾಗಿರುತ್ತೋ ಅವರಿಗೆ ವಾಚ್" ಎಂದು ತಂದೆ ಹೇಳಿ ಹೊರಟರು. ಮಗಳು ಬರೆದ ದೀಪದ ಬಣ್ಣ ಗೆರೆ ದಾಟಿ ಹರಡಿತು. "ಕೊಡು ಇಲ್ಲಿ, ಸರಿ ಮಾಡ್ತೀನಿ" ಎಂದು ತಾಯಿ ಮೂರು ಸಲ ಬ್ರಶ್ ತೆಗೆದುಕೊಂಡರು. ತಮ್ಮನ ಅಂಗಿಯಲ್ಲಿ ಮುಂದಿನ ಬಣ್ಣ ಬೆನ್ನಿಗೂ ಇಳಿಯಿತು. ಮರುದಿನ ಒಗೆದಾಗ ಎರಡೂ ಅಂಗಿಗಳಲ್ಲಿ ಉಳಿದದ್ದು ಮಸುಕು ಕಲೆ ಮಾತ್ರ. ಆಗ ತಾಯಿಯ ಬಾಯಿಂದ ಬಂದ ಮಾತು: "ನೀಟಾಗಿ ಮಾಡಿದ್ರೆ ಹೀಗಾಗ್ತಿತ್ತಾ?" ಉಳಿದದ್ದೆಲ್ಲ ತಾಯಿಯಿಂದಲೇ ಗೊತ್ತಾದದ್ದು. ಈ ಒಂದು ಮಾತನ್ನು ಮಾತ್ರ ಮಗಳು ತಾನಾಗಿ ಹೇಳಿದಳು.

ಹುಡುಗಿಗೆ ಮೊದಲು ತಿಳಿಸಬೇಕಾಗಿದ್ದು, ಆ ಅಂಗಿ ಕೆಟ್ಟದ್ದು ಅವಳ ಕೈಯಿಂದಲ್ಲ ಎಂಬುದು. ಅದನ್ನು ಸಮಾಧಾನದ ಮಾತಾಗಿ ಹೇಳದೆ ಕಾರಣ ಸಮೇತ ವಿವರಿಸಲಾಯಿತು. ಪೋಸ್ಟರ್ ಕಲರ್ ಕಾಗದಕ್ಕೆ ಮಾಡಿದ್ದು. ಅದರ ಅಂಟು ನೀರಿನಲ್ಲಿ ಕರಗುತ್ತದೆ, ಎಷ್ಟೇ ನೀಟಾಗಿ ಹಚ್ಚಿದರೂ ಒಗೆತಕ್ಕೆ ನಿಲ್ಲುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯೋ ಬೇರೆ ಲೇಪವೋ ಇರುತ್ತದೆ. ಬಣ್ಣ ಎಳೆಯೊಳಗೆ ಇಳಿಯದೆ ಮೇಲೇ ಕೂರುತ್ತದೆ. ಬ್ರಶ್ಶಿನಲ್ಲಿ ನೀರು ಹೆಚ್ಚಿದ್ದರೆ ಆ ನೀರು ನೂಲಿನ ಎಳೆ ಹಿಡಿದು ಹರಿಯುತ್ತದೆ, ಬಣ್ಣವನ್ನೂ ಜೊತೆಗೆ ಒಯ್ಯುತ್ತದೆ. ಅಂಗಿಯೊಳಗೆ ರಟ್ಟು ಇಡದಿದ್ದರೆ ಬೆನ್ನಿನ ಪದರಕ್ಕೂ ಇಳಿಯುತ್ತದೆ. ಈ ನಾಲ್ಕು ಸಂಗತಿಗಳೂ ದೊಡ್ಡವರು ನೋಡಿಕೊಳ್ಳಬೇಕಾದವು. ಇದನ್ನು ಮಗಳ ಎದುರಿಗೇ ಹೇಳಿದಾಗ ತಾಯಿ, "ಹೌದು ಪುಟ್ಟಿ, ಅದು ನನಗೆ ಗೊತ್ತಿರಲಿಲ್ಲ" ಎಂದರು. ಆ ಮಾತು ತಾಯಿಯಿಂದಲೇ ಬಂದದ್ದು ತುಂಬ ಒಳ್ಳೆಯದಾಯಿತು.

ಇನ್ನು ವಯಸ್ಸಿನ ವಿಷಯ. ಐದರ ಮಗುವಿಗೆ ಬದನೆಕಾಯಿಯಂತಿರುವ ರಾಕೆಟ್ಟೂ ರಾಕೆಟ್ಟೇ. ಒಂಬತ್ತರ ಹೊತ್ತಿಗೆ ಮಗು ತನ್ನ ಚಿತ್ರವನ್ನು ನಿಜವಾದ ವಸ್ತುವಿನ ಪಕ್ಕ ಇಟ್ಟು ನೋಡತೊಡಗುತ್ತದೆ. ಚೆನ್ನಾಗಿ ಬರೆಯುತ್ತಿದ್ದ ಮಕ್ಕಳು "ನಂಗೆ ಬರಲ್ಲ" ಎನ್ನುವುದು ಈ ವಯಸ್ಸಿನಲ್ಲೇ ಹೆಚ್ಚು. ಅದೇ ಹೊತ್ತಿಗೆ ತಾಯಿ ಬ್ರಶ್ ಕಿತ್ತುಕೊಂಡರೆ ಮಗುವಿನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತೆ.

ವಾಚಿನ ಆಸೆಯೂ ಕೆಲಸ ಕೆಡಿಸಿತ್ತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ನರ್ಸರಿ ಶಾಲೆಯಲ್ಲಿ, ಚಿತ್ರ ಬರೆಯಲು ಇಷ್ಟಪಡುವ ಮಕ್ಕಳನ್ನೇ ಆರಿಸಿ ಪರೀಕ್ಷಿಸಿದರು. ಬರೆದರೆ ಬಹುಮಾನ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಮುಂದೆ ಬಿಡುವಿನ ವೇಳೆಯಲ್ಲಿ ಚಿತ್ರ ಬರೆದದ್ದು ಉಳಿದವರಿಗಿಂತ ಬಹಳ ಕಡಿಮೆ. ಇಲ್ಲಿ ಬಹುಮಾನದ ಜೊತೆಗೆ ಅಕ್ಕ ತಮ್ಮನ ನಡುವೆ ಪೈಪೋಟಿಯೂ ಸೇರಿತ್ತು. ಆದ್ದರಿಂದ ವಾಚ್ ಕೊಡುವುದಾದರೆ ಇಬ್ಬರಿಗೂ ಹುಟ್ಟುಹಬ್ಬಕ್ಕೆ ಕೊಡಿ, ಅಂಗಿಗೆ ಗಂಟು ಹಾಕಬೇಡಿ ಎಂದು ತಂದೆಗೆ ಫೋನಿನಲ್ಲಿ ತಿಳಿಸಲಾಯಿತು.

ವಿಜಯದಶಮಿಯಿಂದ ನರಕ ಚತುರ್ದಶಿಗೆ ಸುಮಾರು 19 ದಿನ ಸಿಗುತ್ತದೆ. ಬಣ್ಣ ಒಣಗಿ ಗಟ್ಟಿಯಾಗಲು ಅಷ್ಟು ಧಾರಾಳ. ಹಬ್ಬದ ಹಿಂದಿನ ರಾತ್ರಿ ಮಾತ್ರ ಈ ಕೆಲಸ ಹಿಡಿಯಬಾರದು.

ತಾಯಿಗೆ ಕೊಟ್ಟ ಸಲಹೆ ಹೀಗಿತ್ತು. ನೂರಕ್ಕೆ ನೂರು ಹತ್ತಿಯ, ತಿಳಿ ಬಣ್ಣದ ಮೂರು ಟೀ ಶರ್ಟ್ ತನ್ನಿ. ಪಟಾಕಿಯ ಹತ್ತಿರ ಓಡಾಡುವ ಮಕ್ಕಳಿಗೆ ಹೇಗಿದ್ದರೂ ಸಿಂಥೆಟಿಕ್ ಬಟ್ಟೆ ಬೇಡ. ಸೋಪಿನ ನೀರಿನಲ್ಲಿ ಒಗೆದು ಒಣಗಿಸಿ, ಕಂಫರ್ಟ್ ತರಹದ್ದೇನೂ ಹಾಕಬೇಡಿ, ಅದು ಬಟ್ಟೆಯ ಮೇಲೆ ಪದರ ಬಿಡುತ್ತದೆ. ಫ್ಯಾಬ್ರಿಕ್ ಕಲರ್ ಎಂದೇ ಬರೆದಿರುವ ಸಣ್ಣ ಶೀಶೆಗಳು ನಾಲ್ಕು ಸಾಕು: ಹಳದಿ, ಕೆಂಪು, ನೀಲಿ, ಬಿಳಿ. ಹೆಚ್ಚು ಬಣ್ಣ ಇಟ್ಟರೆ ಐದರ ಮಗು ಎಲ್ಲವನ್ನೂ ಕಲಸಿ ಕೆಸರು ಮಾಡುತ್ತದೆ. ಅಂಗಿಯೊಳಗೆ ಪ್ಲಾಸ್ಟಿಕ್ ಕವರ್ ಸುತ್ತಿದ ರಟ್ಟು ತೂರಿಸಿ, ಅಂಚಿಗೆ ಬಟ್ಟೆ ಕ್ಲಿಪ್ ಹಾಕಿ. ಬಟ್ಟೆ ಸುಕ್ಕಿಲ್ಲದೆ ನಿಲ್ಲಬೇಕು, ಬಿಗಿಯಾಗಿ ಎಳೆಯಬಾರದು. ಎಳೆದು ಹಚ್ಚಿದರೆ ಬಿಟ್ಟಾಗ ಬಣ್ಣ ಸುಕ್ಕಾಗಿ ಬಿರುಕು ಬಿಡುತ್ತದೆ.

ಬಣ್ಣಕ್ಕೆ ನೀರು ಬೆರೆಸಬೇಡಿ. ಬ್ರಶ್ ತೊಳೆದರೆ ಹಳೇ ಬಟ್ಟೆಯಲ್ಲಿ ಒತ್ತಿ ಒರೆಸಿಯೇ ಬಣ್ಣಕ್ಕೆ ಅದ್ದಬೇಕು. ಈ ಒಂದು ಅಭ್ಯಾಸವನ್ನು ಮೊದಲು ಹರಿದ ಬನಿಯನ್ ಮೇಲೆ ಹತ್ತು ನಿಮಿಷ ಮಾಡಿಸಿ. ಒದ್ದೆ ಬ್ರಶ್ಶಿನ ಗೆರೆ, ಒರೆಸಿದ ಬ್ರಶ್ಶಿನ ಗೆರೆ ಎರಡನ್ನೂ ಅಕ್ಕಪಕ್ಕ ಎಳೆದು ನೋಡಿದರೆ ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ, ನೀವು ಹೇಳುತ್ತ ಕೂರಬೇಕಿಲ್ಲ.

ತಮ್ಮನಿಗೆ ಬೆಂಡೆಕಾಯಿಯ ಅಚ್ಚು. ತೊಟ್ಟಿನ ಕಡೆ ಅಡ್ಡ ಕತ್ತರಿಸಿ, ಲೋಳೆಯನ್ನು ಚೆನ್ನಾಗಿ ಒರೆಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿದ ಬಣ್ಣಕ್ಕೆ ಒತ್ತಿ ಅಂಗಿಗೆ ಒತ್ತಿದರೆ ಹೂವು. ಇಪ್ಪತ್ತು ನಿಮಿಷಕ್ಕೆ ಅವನು ಎದ್ದು ಹೋಗುತ್ತಾನೆ. ಹೋಗಲಿ, ಮುಗಿಸು ಅನ್ನಬೇಡಿ.

ಅಕ್ಕನಿಗೆ ದೀಪ ಬೇಡ, ಚುಕ್ಕಿ ರಂಗೋಲಿ. ಖಾಲಿ ಬಟ್ಟೆ ಕಂಡರೆ ಹೆದರುವ ಮಗುವಿಗೆ ಚುಕ್ಕಿ ದಾರಿ ತೋರಿಸುತ್ತದೆ, ಮುಂದೆ ಎಲ್ಲಿ ಕೈ ಇಡಬೇಕು ಎನ್ನುವ ದಿಗಿಲು ಕಡಿಮೆಯಾಗುತ್ತದೆ. ಅಜ್ಜಿ ಬಾಗಿಲಲ್ಲಿ ದಿನವೂ ರಂಗೋಲಿ ಇಡುವವರು, ಅವರೇ ಹೇಳಿಕೊಡಲಿ. ಐದು ಸಾಲು, ಸಾಲಿಗೆ ಐದು ಚುಕ್ಕಿ, ನಡುವೆ ಎರಡು ಬೆರಳು ಅಂತರ. ಚುಕ್ಕಿಗೆ ಪೆನ್ಸಿಲ್ಲಿನ ಹಿಂಬದಿ, ಗೆರೆಗೆ 4ನೇ ನಂಬರಿನ ದುಂಡು ಬ್ರಶ್. ಮೊದಲ ದಿನ ಚುಕ್ಕಿ ಮಾತ್ರ, ಒಣಗಿದ ಮೇಲೆ ಗೆರೆ. ಹಸಿ ಚುಕ್ಕಿಯ ಮೇಲೆ ಕೈ ಸವರಿ ಹೋಗುವುದೇ ಹೆಚ್ಚಿನ ಅಳುವಿಗೆ ಮೂಲ. ಹಾಗೆ ಸವರಿದರೂ ಉಜ್ಜಬೇಡಿ, ಒಣಗಲು ಬಿಡಿ. ಆಮೇಲೆ ಅದರ ಮೇಲೊಂದು ಎಲೆಯೋ ಹಕ್ಕಿಯೋ ಬರಬಹುದು, ಏನು ಬರಬೇಕೆಂದು ಮಗಳೇ ಹೇಳಲಿ.

ಮೂರನೆಯ ಅಂಗಿ ತಾಯಿಯದು. ಸಲಹೆಯ ತಿರುಳೇ ಇದು. ಕೈಯಲ್ಲಿ ತಮ್ಮದೇ ಕೆಲಸ ಇದ್ದವರು ಮಗುವಿನ ಬ್ರಶ್ಶಿಗೆ ಕೈ ಹಾಕುವುದು ಕಡಿಮೆ. ಜೊತೆಗೆ ತಾಯಿಯ ಗೆರೆಯೂ ಸೊಟ್ಟಗಾಗುವುದನ್ನು, ಅವರು ಅದನ್ನು ಹಾಗೇ ಬಿಟ್ಟು ಮುಂದೆ ಹೋಗುವುದನ್ನು ಮಗಳು ನೋಡುತ್ತಾಳೆ. ಮಗಳ ಅಂಗಿ ಮುಟ್ಟುವ ಮೊದಲು "ಮುಟ್ಟಲಾ?" ಎಂದು ಕೇಳಬೇಕು, ಬೇಡ ಎಂದರೆ ಬೇಡ. ಸೂಪರ್, ಜಾಣೆ ಎನ್ನುವ ಬದಲು ಕಂಡದ್ದನ್ನು ಹೇಳಿ: "ಈ ಹಸಿರು ಹೇಗೆ ಮಾಡಿದೆ?" "ಈ ಸಾಲು ಮುಗಿಸೋಕೆ ಎಷ್ಟೊಂದು ಹೊತ್ತು ಕೂತಿದ್ದೆ."

ಪೂರ್ತಿ ಒಂದು ದಿನ ನೆರಳಿನಲ್ಲಿ ಒಣಗಿಸಿ. ಅಂಗಿ ಒಳಮಗ್ಗುಲು ತಿರುಗಿಸಿ, ತೆಳ್ಳನೆಯ ಹತ್ತಿ ಬಟ್ಟೆ ಹಾಸಿ, ಹಬೆಯಿಲ್ಲದೆ ಹತ್ತಿಯ ಬಿಸಿಯಲ್ಲಿ ಮೂರು–ನಾಲ್ಕು ನಿಮಿಷ ಇಸ್ತ್ರಿಪೆಟ್ಟಿಗೆ ಆಡಿಸುತ್ತಿರಿ. ಇದು ದೊಡ್ಡವರ ಕೆಲಸ. ಬಣ್ಣದ ಮೇಲೆಯೇ ಇಸ್ತ್ರಿ ಇಟ್ಟರೆ ಅಂಟಿಕೊಂಡು ಕಿತ್ತು ಬರುತ್ತದೆ. ಮೂರು ದಿನ ಬಿಟ್ಟು ತಣ್ಣೀರಿನಲ್ಲಿ, ಒಳಮಗ್ಗುಲಾಗಿ, ಕೈಯಲ್ಲಿ ಒಗೆಯಿರಿ; ಬಟ್ಟೆ ಬ್ರಶ್ ಹಾಕಬೇಡಿ. ನೆಲಕ್ಕೆ ಬಿದ್ದ ಬಣ್ಣ ಹಸಿಯಿದ್ದಾಗಲೇ ಒರೆಸಿ.

ಹಬ್ಬ ಕಳೆದ ಮೇಲೆ ಮತ್ತೆ ಬಂದಿದ್ದರು. ತಮ್ಮ ಎರಡನೆಯ ದಿನ ಕೂರಲೇ ಇಲ್ಲ, ಏಳು ಹೂವಿಗೆ ಅವನ ಅಂಗಿ ನಿಂತಿತ್ತು, ಅದನ್ನೇ ತೊಟ್ಟ. ತಾಯಿ ಒಂದು ಸಲ ಕೇಳದೆ ಬ್ರಶ್ಶಿಗೆ ಕೈ ಚಾಚಿದರಂತೆ. "ಅಮ್ಮಾ, ನಿನ್ನ ಅಂಗಿ ಅಲ್ಲಿದೆ" ಎಂದಳಂತೆ ಮಗಳು. ಅವಳು ಮೊದಲ ದಿನ ಹನ್ನೊಂದು ಚುಕ್ಕಿ ಇಟ್ಟು ಎದ್ದಿದ್ದಳು, ಮರುದಿನ ಅಜ್ಜಿ ಪಕ್ಕದಲ್ಲಿ ಕೂತಾಗ ಉಳಿದದ್ದನ್ನು ಮುಗಿಸಿದಳು. ಒಗೆತದಲ್ಲಿ ಬಣ್ಣ ನಿಂತಿದೆ. ಶಾಲೆಯ ಚಿತ್ರಕಲೆ ಪುಸ್ತಕದಲ್ಲಿ ಮಾತ್ರ ಬರೆದು ಅಳಿಸುವುದು ಇನ್ನೂ ಇದೆ. ಅದಕ್ಕಾಗಿ ತರಗತಿಯ ಶಿಕ್ಷಕಿಯೊಡನೆ ಮಾತನಾಡಲು ತಾಯಿ ಒಪ್ಪಿದ್ದಾರೆ. ಮುಂದಿನ ಭೇಟಿ ಒಂದು ತಿಂಗಳ ನಂತರ.