125 ಸಿಸಿ ಬೈಕ್‌ನ ಪಿಕಪ್ ಕಮ್ಮಿಯಾಗಿದೆ, ಮೊದಲು ಏನು ನೋಡಬೇಕು?

ಎಂಜಿನ್ ಬಿಚ್ಚಿಸುವ ಮಾತು ಆಮೇಲೆ. ಆಕ್ಸಿಲರೇಟರ್ ಕೊಟ್ಟಾಗ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಲಿವರ್‌ನಲ್ಲಿ ಸ್ವಲ್ಪವೂ ಸಡಿಲ ಇಲ್ಲದಿದ್ದರೆ ಕೇಬಲ್ ಹೊಂದಿಸಿ. ಕಾರಿನ ಆಯಿಲ್ ಹಾಕಿದ್ದರೂ ಕ್ಲಚ್ ಜಾರಬಹುದು. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2: ಬೈಕ್ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಅಂತ ಇದೆಯಾ ನೋಡಿ. ಎರಡೂ ಸರಿಯಿದ್ದರೆ ಕ್ಲಚ್ ಪ್ಲೇಟ್ ಸವೆದಿರಬಹುದು.

ಸದ್ದೇ ಏರದೆ ಬೈಕ್ ತಿಣುಕುತ್ತಿದ್ದರೆ ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ದಾಟದಿದ್ದರೆ ಬದಲಿಸಿ. ಸ್ಪಾರ್ಕ್ ಪ್ಲಗ್ ತುದಿ ತಿಳಿಗಂದು ಇರಬೇಕು. ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಗಾಳಿ ಸಾಲುತ್ತಿಲ್ಲ.

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿ. ಬಿಗಿ ಅನ್ನಿಸಿದರೆ ಬ್ರೇಕ್ ಹಿಡಿದಿದೆ ಅಥವಾ ಚೈನ್ ಒಣಗಿದೆ. ಅಂದಹಾಗೆ, ಇಬ್ಬರು ಕೂತು ಏರು ಹತ್ತುವಾಗ ಮಾತ್ರ ನಿಧಾನವಾದರೆ ಸುಮ್ನೆ ಗೇರ್ ಇಳಿಸಿ, ಅಷ್ಟೇ.