1 ಲಕ್ಷ ಕಾಲಾಳು, 60 ಸಾವಿರ ಕುದುರೆ: ನಂಬಬಹುದೇ?

ಶಿವಮೊಗ್ಗದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: 2018ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡಿದಾಗಿನಿಂದ ಅವರಿಗೆ ಕ್ರೊಯೇಷಿಯದ ಬಗ್ಗೆ ಕುತೂಹಲ. 40 ಲಕ್ಷ ಜನರೂ ಇಲ್ಲದ ಈ ದೇಶದವರು ಮೂಲದಲ್ಲಿ ಇರಾನಿನಿಂದ ಬಂದವರಂತೆ, ನಿಜವೇ? ಹತ್ತನೇ ಶತಮಾನದ ತೊಮಿಸ್ಲಾವ್ ಎಂಬ ದೊರೆಗೆ 1 ಲಕ್ಷ ಕಾಲಾಳು, 60 ಸಾವಿರ ಕುದುರೆ ಸವಾರರು ಇದ್ದರಂತೆ. ಫ್ರಾಂಕರು, ಬೈಜಾಂಟಿಯಂ, ಬಲ್ಗೇರಿಯ, ವೆನಿಸ್ ಸುತ್ತುವರಿದಿದ್ದಾಗ ಇವರು ತಲೆ ಎತ್ತಿದ್ದು ಆ ಸೈನ್ಯದ ಬಲದಿಂದಲೇ? ಹಾಗಿದ್ದರೆ 1102ರಲ್ಲಿ ಹಂಗೇರಿಯ ದೊರೆಗೆ ಕಿರೀಟ ಒಪ್ಪಿಸಿದ್ದೇಕೆ? ಮಗ ಜರ್ಮನಿಯಲ್ಲಿದ್ದಾನೆ, ಬರುವ ಬೇಸಿಗೆಯಲ್ಲಿ ಆ ಕಡೆ ಹೋಗುವುದಿದೆ, ಏನು ನೋಡಬೇಕೆಂದು ಹೇಳಿ ಎಂದೂ ಕೇಳಿದ್ದಾರೆ.

ಮಾನ್ಯರೇ,

ಸೈನ್ಯದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಆ ಒಂದು ಅಂಕಿಯ ಬೆನ್ನು ಹಿಡಿದು ಬಂದಂತಿವೆ. ಈ ಲೆಕ್ಕ ಕೊಟ್ಟವನು ಬೈಜಾಂಟಿಯಂನ, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಏಳನೇ ಕಾನ್‌ಸ್ಟಾಂಟೈನ್. ಸುಮಾರು 950ರ ಹೊತ್ತಿಗೆ, ಮಗನಿಗೆ ರಾಜ್ಯಭಾರ ಕಲಿಸಲೆಂದು ಅವನು ಸಿದ್ಧಪಡಿಸಿದ ಗ್ರಂಥದಲ್ಲಿ ಅದು ಬರುತ್ತದೆ. ಸುತ್ತಲಿನ ಯಾವ ಜನ ಎಲ್ಲಿದ್ದಾರೆ, ಯಾರನ್ನು ಯಾರ ಮೇಲೆ ಎತ್ತಿಕಟ್ಟಬಹುದು, ಯಾರಿಗೆ ಏನು ಕೊಟ್ಟರೆ ಸುಮ್ಮನಾಗುತ್ತಾರೆ ಎಂಬೆಲ್ಲ ಅರಮನೆಯ ಒಳಗುಟ್ಟು ಅದರಲ್ಲಿದೆ. ಕ್ರೊಯಾಟರ ಬಳಿ 60,000 ಕುದುರೆ ಸವಾರರು, 1,00,000 ಕಾಲಾಳು, 80 ದೊಡ್ಡ ನಾವೆ, 100 ಸಣ್ಣ ನಾವೆ ಇದ್ದವು ಎನ್ನುತ್ತಾನೆ. ಗಮನಿಸಿ, ತೊಮಿಸ್ಲಾವನ ಹೆಸರನ್ನು ಅವನು ಎತ್ತುವುದೇ ಇಲ್ಲ. ಹಿಂದೆ ಇಷ್ಟಿತ್ತು, ಒಳಜಗಳದಲ್ಲಿ ಕುಗ್ಗಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ.

ಕ್ರೊಯೇಷಿಯದ ಕರಾವಳಿ ಪ್ರದೇಶವಾದ ಡಾಲ್ಮೇಷಿಯದ ಒಳನಾಡು ಸುಣ್ಣಕಲ್ಲಿನ ಬೆಟ್ಟಗಳ ನಾಡು. ಸುರಿದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಉಳುವಂಥ ಮಣ್ಣು ಬೆಟ್ಟಗಳ ನಡುವಿನ ತಗ್ಗು ಬಯಲುಗಳಲ್ಲಿ ಮಾತ್ರ. ಅಲ್ಲಿ 60 ಸಾವಿರ ಕುದುರೆಗೆ ಹುಲ್ಲೆಲ್ಲಿಂದ ತರುವುದು, ನೀರೆಲ್ಲಿಂದ ತರುವುದು? 819ರ ಒಂದು ಯುದ್ಧದಲ್ಲಿ ಶತ್ರುವಿನ 3,000 ಜನ ಸತ್ತರು, 300 ಕುದುರೆ ಸಿಕ್ಕವು ಎಂಬುದನ್ನು, ಆಗ ಪಶ್ಚಿಮ ಯುರೋಪನ್ನು ಆಳುತ್ತಿದ್ದ ಫ್ರಾಂಕರ ಅರಮನೆಯ ವಾರ್ಷಿಕ ದಾಖಲೆ ದೊಡ್ಡ ಸಾಹಸವೆಂದು ಬರೆದುಕೊಂಡಿದೆ. ಆ ಕಾಲದ ಯುದ್ಧಗಳ ಅಳತೆ ಅಷ್ಟು. ಹಾಗಾಗಿ ನೆಲದ ಸೈನ್ಯದ ಅಂಕಿಯನ್ನು ಇಂದಿನ ಇತಿಹಾಸಕಾರರು ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂದೇ ಬದಿಗಿಡುತ್ತಾರೆ.

ಹಡಗಿನ ಲೆಕ್ಕ ಮಾತ್ರ ನನಗೆ ಬೇರೆಯಾಗಿ ಕಾಣುತ್ತದೆ. ದೊಡ್ಡದರಲ್ಲಿ 40 ಜನ, ಸಣ್ಣದರಲ್ಲಿ 10ರಿಂದ 20 ಜನ ಎಂದು ಚಕ್ರವರ್ತಿ ಬಿಡಿಬಿಡಿಯಾಗಿ ಹೇಳುತ್ತಾನೆ. ಕೂಡಿಸಿದರೆ ನಾಲ್ಕೈದು ಸಾವಿರ ಜನ. ಇದು ಯಾರೋ ಬಂದರಿನಲ್ಲಿ ನಿಂತು ಎಣಿಸಿದ ಹಾಗಿದೆ. ಕಾನ್‌ಸ್ಟಾಂಟಿನೋಪಲ್‌ಗೆ ಚಿಂತೆಯಿದ್ದದ್ದೂ ಸಮುದ್ರದ ಬಗ್ಗೆಯೇ.

ಇರಾನಿನ ಮಾತು ಬೇಗ ಮುಗಿಸುತ್ತೇನೆ. ದೋನ್ ನದಿ ಅಜೋವ್ ಸಮುದ್ರ ಸೇರುವಲ್ಲಿದ್ದ ತನಾಯಿಸ್ ಎಂಬ ಪ್ರಾಚೀನ ಗ್ರೀಕ್ ಪಟ್ಟಣದಲ್ಲಿ ಎರಡು-ಮೂರನೇ ಶತಮಾನದ ಶಾಸನಗಳು ಸಿಕ್ಕಿವೆ. ಅವುಗಳಲ್ಲಿ ‘ಹೊರೋವಾಥೋಸ್’ ಎಂಬಂಥ ವ್ಯಕ್ತಿನಾಮ ಬರುತ್ತದೆ. ಆ ಪಟ್ಟಣದಲ್ಲಿ ಇರಾನಿ ಮೂಲದ ಹೆಸರಿನವರು ಅನೇಕರಿದ್ದರು. ಆ ಹೆಸರನ್ನೂ ಕ್ರೊಯಾಟರು ತಮ್ಮನ್ನು ಕರೆದುಕೊಳ್ಳುವ ‘ಹ್ರ್ವಾತ್’ ಎಂಬುದನ್ನೂ ಜೋಡಿಸಿ ಕಟ್ಟಿದ ವಾದ ಇದು. ನಡುವೆ ನಾಲ್ಕೈದು ಶತಮಾನಗಳ ಮೌನವಿದೆ. ಹೆಸರು ಅಲ್ಲಿಂದ ಬಂದಿರಬಹುದೆಂದರೂ, ಹೆಸರಿನ ಜೊತೆ ಜನರೂ ಅಲ್ಲಿಂದಲೇ ನಡೆದು ಬಂದರು ಎನ್ನಲು ಆಧಾರ ಸಾಲದು. ಅದೇ ಚಕ್ರವರ್ತಿಯ ಗ್ರಂಥದಲ್ಲಿ ಐವರು ಅಣ್ಣತಮ್ಮಂದಿರು, ತೂಗಾ-ಬೂಗಾ ಎಂಬ ಇಬ್ಬರು ಅಕ್ಕತಂಗಿಯರು ಉತ್ತರದಿಂದ ತಮ್ಮ ಜನರನ್ನು ಕರೆತಂದು, ಅವಾರರೆಂಬ ಅಲೆಮಾರಿ ಯೋಧರನ್ನು ಸೋಲಿಸಿ ನೆಲೆಸಿದ ಕಥೆ ಬರುತ್ತದೆ. ಕಥೆ ಚೆನ್ನಾಗಿದೆ. ಅದನ್ನು ಚರಿತ್ರೆಯೆಂದು ಓದಬೇಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಇವರು ಬೆಳೆದದ್ದು ದೊಡ್ಡವರನ್ನು ಗೆದ್ದಲ್ಲ. ದೊಡ್ಡವರಲ್ಲಿ ಯಾರೊಬ್ಬರೂ ಪೂರ್ತಿ ನುಂಗಲಾಗದ, ಬಿಟ್ಟುಕೊಡಲೂ ಆಗದ ಜಾಗದಲ್ಲಿ ಕುಳಿತು, ಅವರೆಲ್ಲರಿಗೂ ಬೇಕಾದವರಾಗಿ ಬೆಳೆದರು.

ಆ ಜಾಗ ಹುಟ್ಟಿದ್ದು 812ರಲ್ಲಿ. ಅವಾರರ ಬಲವನ್ನು 790ರ ದಶಕದಲ್ಲೇ ಮುರಿದಿದ್ದ ಫ್ರಾಂಕರ ದೊರೆ ಶಾರ್ಲಮೇನ್ ಆಡ್ರಿಯಾಟಿಕ್ ತೀರಕ್ಕೂ ಕೈ ಚಾಚಿದ್ದ. ಅಲ್ಲಿ ಬೈಜಾಂಟಿಯಂ ಜೊತೆ ಜಗಳ ಹತ್ತಿತು. ಕೊನೆಗೆ ಆಖೆನ್‌ನಲ್ಲಿ ಒಪ್ಪಂದವಾಯಿತು. ಬೈಜಾಂಟಿಯಂ ಅವನ ಚಕ್ರವರ್ತಿ ಪದವಿಯನ್ನು ಒಪ್ಪಿಕೊಂಡಿತು. ಅದಕ್ಕೆ ಬದಲಾಗಿ ವೆನಿಸ್ ಮತ್ತು ಝಾದರ್, ತ್ರೋಗಿರ್, ಸ್ಪ್ಲಿಟ್‌ನಂಥ ಕರಾವಳಿ ಪಟ್ಟಣಗಳು ಬೈಜಾಂಟಿಯಂಗೆ ಉಳಿದವು. ಪಟ್ಟಣಗಳ ಬೆನ್ನಿಗಿದ್ದ ಒಳನಾಡು ಫ್ರಾಂಕರಿಗೆ. ಅಂದರೆ ಕೋಟೆಯ ಬಾಗಿಲು ಒಬ್ಬನದು, ಬಾಗಿಲ ಹೊರಗಿನ ಹೊಲ ಇನ್ನೊಬ್ಬನದು. ಇಂಥ ಗಡಿಯನ್ನು ದೂರದ ರಾಜಧಾನಿಯಿಂದ ಕಾಯುವುದು ಯಾರಿಂದಲೂ ಆಗದ ಮಾತು. ಇಬ್ಬರಿಗೂ ಸ್ಥಳೀಯ ಮಾಂಡಲಿಕನೊಬ್ಬ ಬೇಕೇ ಬೇಕಾದ.

ಮೊದಲು ಕಾಣುವ ಮಾಂಡಲಿಕ ಬೋರ್ನಾ. ಫ್ರಾಂಕರ ದಾಖಲೆ ಅವನನ್ನು ಒಮ್ಮೆ ಗುದುಸ್ಕರೆಂಬ ಜನರ ನಾಯಕ ಎನ್ನುತ್ತದೆ, ಇನ್ನೊಮ್ಮೆ ಡಾಲ್ಮೇಷಿಯದ ನಾಯಕ ಎನ್ನುತ್ತದೆ. ಕ್ರೊಯಾಟ್ ಎಂಬ ಹೆಸರು ಅಲ್ಲಿಲ್ಲ. ಅದೇ ಕಾಲಕ್ಕೆ ಉತ್ತರದಲ್ಲಿ ಸಾವಾ ನದಿಯ ಬಯಲಿನಲ್ಲಿ, ಸಿಸಾಕ್ ಕೋಟೆಯಲ್ಲಿ ಲ್ಯುದೆವಿತ್ ಎಂಬ ಇನ್ನೊಬ್ಬನಿದ್ದ. ಫ್ರಾಂಕರ ಗಡಿ ಅಧಿಕಾರಿ ಕ್ರೂರಿಯೆಂದು 818ರಲ್ಲಿ ಚಕ್ರವರ್ತಿಗೆ ದೂರು ಕೊಟ್ಟ. ಕೇಳುವವರಿಲ್ಲವಾದಾಗ ಬಂಡೆದ್ದ. 819ರಲ್ಲಿ ಕುಪಾ ನದಿಯ ದಡದಲ್ಲಿ ಬೋರ್ನಾ ಫ್ರಾಂಕರ ಪರವಾಗಿ ಅವನಿಗೆ ಎದುರಾದ. ಆ ದಿನ ನಡೆದದ್ದು ನೋಡಿ: ಲ್ಯುದೆವಿತ್‌ನ ಸ್ವಂತ ಮಾವ ದ್ರಾಗಮೊಸ್ ಅಳಿಯನನ್ನು ಬಿಟ್ಟು ಬೋರ್ನಾನ ಕಡೆ ಸೇರಿಕೊಂಡು ಅಲ್ಲೇ ಸತ್ತ. ಬೋರ್ನಾನ ಸ್ವಂತ ಗುದುಸ್ಕರು ಮೊದಲ ಘರ್ಷಣೆಯಲ್ಲೇ ಅವನನ್ನು ಕೈಬಿಟ್ಟು ಓಡಿದರು. ಅಂಗರಕ್ಷಕರು ಸುತ್ತುಗಟ್ಟಿ ಹೇಗೋ ಅವನನ್ನು ಪಾರುಮಾಡಿದರು. ಡಿಸೆಂಬರ್‌ನಲ್ಲಿ ಲ್ಯುದೆವಿತ್ ಡಾಲ್ಮೇಷಿಯಕ್ಕೇ ನುಗ್ಗಿ ಸುಟ್ಟ. ಬಯಲಿಗೆ ಬಂದರೆ ಸೋಲು ಖಚಿತ ಎಂದು ಬೋರ್ನಾ ಇದ್ದಬದ್ದದ್ದನ್ನೆಲ್ಲ ಕೋಟೆಗಳಿಗೆ ಸಾಗಿಸಿ, ಆಯ್ದ ತುಕಡಿಯೊಂದನ್ನು ಕಟ್ಟಿಕೊಂಡು ಹಗಲು ರಾತ್ರಿ ಹಿಂದಿನಿಂದ, ಬದಿಯಿಂದ ಕಚ್ಚುತ್ತಲೇ ಹೋದ. ಮೇಲೆ ಹೇಳಿದ 3,000 ಸಾವು, 300 ಕುದುರೆಗಳು ಆ ಚಳಿಗಾಲದ್ದು.

ಲ್ಯುದೆವಿತ್ ಸಾಮಾನ್ಯನಲ್ಲ. ಇಟಲಿ ಕರಾವಳಿಯ ಗ್ರಾದೋದ ಧರ್ಮಾಧ್ಯಕ್ಷ ಫೋರ್ತುನಾತುಸ್ ಗುಟ್ಟಾಗಿ ಅವನ ಕೋಟೆ ಕಟ್ಟಲು ಕುಶಲಕರ್ಮಿಗಳನ್ನೂ ಕಲ್ಲುಕೆಲಸದವರನ್ನೂ ಕಳಿಸಿಕೊಟ್ಟ. ವಿಷಯ ಬಯಲಾದಾಗ ಕಾನ್‌ಸ್ಟಾಂಟಿನೋಪಲ್‌ಗೆ ಓಡಿಹೋದ. 820ರಲ್ಲಿ ಫ್ರಾಂಕರು ಒಂದಲ್ಲ, ಮೂರು ಸೈನ್ಯ ಕಳಿಸಬೇಕಾಯಿತು. ಆದರೆ ಕೊನೆಗೆ ಏನಾಯಿತು? 822ರಲ್ಲಿ ಲ್ಯುದೆವಿತ್ ಸಿಸಾಕ್ ಬಿಟ್ಟು ಸರ್ಬರಲ್ಲಿಗೆ ಓಡಿದ. ಆಶ್ರಯ ಕೊಟ್ಟವನನ್ನೇ ಮೋಸದಿಂದ ಕೊಂದ. ಅಲ್ಲಿಂದ ಡಾಲ್ಮೇಷಿಯಕ್ಕೆ ಬಂದು 823ರಲ್ಲಿ ಬೋರ್ನಾನ ಸೋದರಮಾವನ ಕೈಯಲ್ಲಿ ತಾನೂ ಮೋಸದಿಂದಲೇ ಸತ್ತ. ಬೋರ್ನಾ ಅಷ್ಟರಲ್ಲಿ ತೀರಿಕೊಂಡಿದ್ದ. ಜನರ ಕೋರಿಕೆ ಮತ್ತು ಚಕ್ರವರ್ತಿಯ ಒಪ್ಪಿಗೆಯ ಮೇರೆಗೆ ಅವನ ಬಂಧು ವ್ಲಾದಿಸ್ಲಾವ್ ಪಟ್ಟಕ್ಕೆ ಬಂದಿದ್ದ.

ವೀರಗಾಥೆ ಬೇಕಾದವರಿಗೆ ಲ್ಯುದೆವಿತ್ ಇಷ್ಟವಾಗುತ್ತಾನೆ. ನನಗೂ ಅವನ ಮೇಲೆ ಮಮತೆಯಿದೆ. ಆದರೆ ರಾಜ್ಯ ಬೆಳೆದದ್ದು, ಯುದ್ಧಭೂಮಿಯಲ್ಲಿ ಸ್ವಂತ ಜನರಿಂದಲೇ ಕೈಬಿಡಲ್ಪಟ್ಟ ಆ ವಿಧೇಯ ಬೋರ್ನಾನ ಗದ್ದುಗೆಯಿಂದ. ಒಡೆಯ ದೂರದಲ್ಲಿದ್ದ, ಗದ್ದುಗೆ ಕೈಯಲ್ಲಿತ್ತು. ಒಡೆಯ ಬಲಗುಂದುವ ತನಕ ಕಾದರೆ ಸಾಕಿತ್ತು.

ಫ್ರಾಂಕರ ಸಾಮ್ರಾಜ್ಯ ಮೊಮ್ಮಕ್ಕಳ ಪಾಲುಪಟ್ಟಿಯಲ್ಲಿ ಒಡೆದ ಮೇಲೆ ಆ ಗದ್ದುಗೆಯ ಮೇಲೆ ತ್ರ್‌ಪಿಮೀರ್ ಕಾಣಿಸುತ್ತಾನೆ. ಸ್ಪ್ಲಿಟ್‌ನ ಬೆನ್ನಿಗಿರುವ ಕ್ಲಿಸ್ ಬೆಟ್ಟದ ಕೋಟೆ ಅವನ ನೆಲೆ. 852ರ ಅವನ ದತ್ತಿಪತ್ರದಲ್ಲಿ ‘ಕ್ರೊಯಾಟರ ನಾಯಕ’ ಎಂಬ ಬಿರುದು ಮೊದಲ ಸಲ ಬರುತ್ತದೆ, ಆದರೆ ನಮಗೆ ಉಳಿದಿರುವುದು ಬಹಳ ನಂತರದ ಪ್ರತಿ. ಅವನ ಆಸ್ಥಾನದಲ್ಲಿ ಕೆಲಕಾಲವಿದ್ದ ಗಾಟ್‌ಶಾಲ್ಕ್ ಎಂಬ ವಿವಾದಾಸ್ಪದ ಧರ್ಮಪಂಡಿತ, ತ್ರ್‌ಪಿಮೀರ್ ‘ಗ್ರೀಕರ’ ಮೇಲೆ ದಂಡೆತ್ತಿ ಹೋದದ್ದನ್ನು ಬರೆದಿಟ್ಟಿದ್ದಾನೆ. ಗ್ರೀಕರೆಂದರೆ ಕರಾವಳಿ ಪಟ್ಟಣದ ಬೈಜಾಂಟಿಯಂ ಕಡೆಯವರು. ಕುದುರೆಗಳ ನಡಿಗೆ ಹೇಗಿದೆ ನೋಡಿಕೊಂಡು ಬಾ ಎಂದು ಜೊತೆಯ ಹುಡುಗನಿಗೆ ಹೇಳಿ, ಅವು ಉತ್ಸಾಹದಲ್ಲಿವೆ ಎಂದು ತಿಳಿದು ಗೆಲುವನ್ನು ಮೊದಲೇ ಊಹಿಸಿದನಂತೆ. ದೊಡ್ಡ ದೊಡ್ಡ ದೇವತಾಶಾಸ್ತ್ರ ಬರೆದವನು ಕುದುರೆಯ ಶಕುನ ನೋಡುತ್ತಿದ್ದ ಎಂಬುದು ನನಗಂತೂ ಖುಷಿ ಕೊಟ್ಟ ಸಂಗತಿ.

ಮುಂದಿನ ದೊಮಗೊಯ್ ಕಾಲಕ್ಕೆ ಈ ಜನರ ಹಡಗುಗಳು ಎಲ್ಲರ ಬಾಯಲ್ಲೂ ಇದ್ದವು. ವೆನಿಸಿನ ಚರಿತ್ರಕಾರ ಅವನನ್ನು ಸ್ಲಾವರ (ಕ್ರೊಯಾಟರೂ ಸೇರಿದ ಜನವರ್ಗ) ಅತಿ ಕೆಟ್ಟ ನಾಯಕ ಎಂದೇ ಬೈದಿದ್ದಾನೆ. ಇನ್ನೊಂದು ಕಡೆ 871ರಲ್ಲಿ ಫ್ರಾಂಕ್ ಚಕ್ರವರ್ತಿ ಎರಡನೇ ಲೂಯಿ ಇಟಲಿಯ ಬಾರಿ ಪಟ್ಟಣವನ್ನು ಅರಬರಿಂದ ಬಿಡಿಸುವಾಗ ಇವರ ಹಡಗುಗಳು ಅವನ ಸಹಾಯಕ್ಕೆ ಹೋಗಿದ್ದವು. ಗಂಡಸರೆಲ್ಲ ಅಲ್ಲಿರುವಾಗ ಬೈಜಾಂಟಿಯಂ ನೌಕಾಪಡೆ ಬಂದು ಇವರ ಊರುಗಳನ್ನು ದೋಚಿತು. ನಮ್ಮ ಕೆಲಸಕ್ಕೆ ಬಂದವರ ಮನೆ ಹೀಗೆ ಹಾಳುಮಾಡಬಹುದೇ ಎಂದು ಲೂಯಿ ಕಾನ್‌ಸ್ಟಾಂಟಿನೋಪಲ್‌ಗೆ ಸಿಟ್ಟಿನ ಪತ್ರ ಬರೆದ. ಅದೇ ಹಡಗುಗಳು ವೆನಿಸಿಗೆ ಕಡಲ್ಗಳ್ಳರದು, ಲೂಯಿಗೆ ಮಿತ್ರರದು.

878ರಲ್ಲಿ ಬೈಜಾಂಟಿಯಂ ಬೆಂಬಲದಿಂದ ಜ್ದೆಸ್ಲಾವ್ ಗದ್ದುಗೆ ಹಿಡಿದ. ಮರುವರ್ಷವೇ ಬ್ರನಿಮೀರ್ ಅವನನ್ನು ಕೊಲ್ಲಿಸಿ ತಾನು ಕುಳಿತ. ಕುಳಿತವನು ಫ್ರಾಂಕರ ಬಳಿಗೂ ಹೋಗಲಿಲ್ಲ, ಬೈಜಾಂಟಿಯಂ ಬಳಿಗೂ ಹೋಗಲಿಲ್ಲ. ರೋಮಿಗೆ ಪತ್ರ ಬರೆದ. ಎಂಟನೇ ಜಾನ್ ಪೋಪ್ 879ರ ಜೂನ್ 7ರಂದು ಉತ್ತರ ಕೊಟ್ಟು, ನಿನ್ನನ್ನೂ ನಿನ್ನ ಜನರನ್ನೂ ನಾಡನ್ನೂ ಪೇತ್ರನ ವೇದಿಕೆಯ ಮುಂದೆ ಆಶೀರ್ವದಿಸಿದ್ದೇನೆ ಎಂದ. ಇದರಲ್ಲಿ ಬ್ರನಿಮೀರನ ಜಾಣ್ಮೆ ಕಾಣುತ್ತದೆ. ಪೋಪ್‌ಗೆ ಮನ್ನಣೆ ಕೊಡುವ ಅಧಿಕಾರವಿತ್ತು, ಗಡಿಗೆ ಕಳಿಸಲು ಸೈನ್ಯವಿರಲಿಲ್ಲ. ಅದಕ್ಕಿಂತ ಒಳ್ಳೆಯ ಒಡೆಯ ಮಾಂಡಲಿಕನಿಗೆ ಸಿಗುವುದುಂಟೇ?

ಎಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಕಾಲದ ಒಂದು ಕಪ್ಪದ ಪಟ್ಟಿ. ಪಟ್ಟಣದವರು ಕೋಟೆಯಿಂದ ಹೊರಗೆ ಬಂದು ಉಳಲಾರರು, ಸ್ಲಾವರು ಬಿಡುವುದಿಲ್ಲ. ದ್ವೀಪಗಳಲ್ಲಿ ಬೆಳೆಯುವುದು ಹೊಟ್ಟೆಗೆ ಸಾಲದು. ಅವರು ಚಕ್ರವರ್ತಿ ಒಂದನೇ ಬೇಸಿಲ್‌ನ ಮೊರೆಹೋದರು. ಬೇಸಿಲ್ ಸೈನ್ಯ ಕಳಿಸಲಿಲ್ಲ. ಇಷ್ಟು ದಿನ ನನ್ನ ಅಧಿಕಾರಿಗೆ ಕೊಡುತ್ತಿದ್ದ ತೆರಿಗೆಯನ್ನು ಇನ್ನು ಸ್ಲಾವರಿಗೇ ಕೊಟ್ಟು ನೆಮ್ಮದಿಯಾಗಿ ಉಳಿರಿ ಎಂದ. ಸ್ಪ್ಲಿಟ್ 200 ಚಿನ್ನದ ನಾಣ್ಯ, ಝಾದರ್ 110, ತ್ರೋಗಿರ್, ಓಸೋರ್, ರಾಬ್, ಕ್ರ್ಕ್ ತಲಾ 100. ಒಟ್ಟು 710, ಜೊತೆಗೆ ದ್ರಾಕ್ಷಾರಸ ಇತ್ಯಾದಿ. ತಾನು ಒಡೆಯ ಎಂಬುದಕ್ಕೆ ಗುರುತಾಗಿ ಚಕ್ರವರ್ತಿಯ ಅಧಿಕಾರಿಗೆ ಒಂದಿಷ್ಟು ಅಲ್ಪಕಾಣಿಕೆ. ಇದನ್ನು ಬರೆದಿಟ್ಟವನು ಬೇಸಿಲ್‌ನ ಮೊಮ್ಮಗ, ಅದೇ ಕಾನ್‌ಸ್ಟಾಂಟೈನ್. 160 ಸಾವಿರದ ಸೈನ್ಯಕ್ಕಿಂತ ಈ 710 ನಾಣ್ಯಗಳೇ ನನಗೆ ಹೆಚ್ಚು ಹೇಳುತ್ತವೆ. ಯುದ್ಧವಿಲ್ಲದೆ, ಸಾಮ್ರಾಜ್ಯದ ಅಪ್ಪಣೆಯ ಮೇಲೇ, ಅದರ ಆದಾಯ ನೆರೆಯವನ ಖಜಾನೆಗೆ ಹರಿಯಿತು.

ತೊಮಿಸ್ಲಾವ್ ಇದರ ಮೇಲೆ ಬೆಳೆದವನು. 925ರಲ್ಲಿ ಪೋಪ್ ಹತ್ತನೇ ಜಾನ್ ಬರೆದ ಪತ್ರ ಅವನನ್ನು ‘ಕ್ರೊಯಾಟರ ರಾಜ’ ಎಂದು ಕರೆಯುತ್ತದೆ. ಅವನ ಪಟ್ಟಾಭಿಷೇಕದ ವರ್ಣನೆ, ಚಿತ್ರ ನೀವು ನೋಡಿದ್ದರೆ ಅವು ಹತ್ತೊಂಬತ್ತು-ಇಪ್ಪತ್ತನೇ ಶತಮಾನದ ದೇಶಾಭಿಮಾನದ ಕೂಸುಗಳು. ಸಮಕಾಲೀನ ದಾಖಲೆಯಲ್ಲಿ ಅಂಥದ್ದಿಲ್ಲ. ಬಲ್ಗೇರಿಯದ ಸಿಮೆಯೋನ್ ಸರ್ಬಿಯವನ್ನು 924ರಲ್ಲಿ ಧೂಳೀಪಟ ಮಾಡಿದಾಗ ಅಲ್ಲಿಯ ನಾಯಕ ಓಡಿಬಂದದ್ದು ಕ್ರೊಯೇಷಿಯಕ್ಕೆ. ಎರಡು ಮೂರು ವರ್ಷದಲ್ಲಿ ಸಿಮೆಯೋನ್ ಇಲ್ಲಿಗೂ ಸೈನ್ಯ ಕಳಿಸಿದ. ಸೇನಾಪತಿ ಅಲೊಗೊಬೊತೂರ್ ಸಮೇತ ಅದು ಬೆಟ್ಟಗಳಲ್ಲಿ ನಾಶವಾಯಿತು. ಅಲ್ಲಿ ಶೌರ್ಯವಿತ್ತು, ಒಪ್ಪಿದೆ. ಆದರೆ ಯುದ್ಧವಾದ ಮೇಲೆ ಸಂಧಿ ಮಾಡಿಸಿದವರು ಪೋಪ್‌ನ ದೂತರು. 925 ಮತ್ತು 928ರಲ್ಲಿ ಸ್ಪ್ಲಿಟ್‌ನಲ್ಲಿ ನಡೆದ ಧರ್ಮಸಭೆಗಳಲ್ಲಿ ಧರ್ಮಾಧಿಕಾರ ಯಾರಿಗೆಂಬ ಪೈಪೋಟಿಯಲ್ಲಿ ಸ್ಪ್ಲಿಟ್ ಪಟ್ಟಣದ ಬಿಷಪ್ ಗೆದ್ದ, ಕ್ರೊಯಾಟರ ಸ್ವಂತ ಬಿಷಪ್, ನಿನ್ ಎಂಬ ಊರಿನ ಗ್ರಿಗರಿ ಪೀಠವನ್ನೇ ಕಳೆದುಕೊಂಡ. ರಾಜ ತಡೆಯಲಿಲ್ಲ. ಶ್ರೀಮಂತ ಪಟ್ಟಣಗಳು ತನ್ನ ಕಡೆ ವಾಲುತ್ತಿರುವಾಗ ಒಬ್ಬ ಬಿಷಪ್‌ನ ಹಟಕ್ಕೆ ಯಾರು ನಿಲ್ಲುತ್ತಾರೆ?

1102ಕ್ಕೆ ಬಂದರೆ, ನೆಚ್ಚಿಕೊಂಡಿದ್ದ ಆ ಸಮತೋಲವೇ ಅಷ್ಟರಲ್ಲಿ ಮಾಯವಾಗಿತ್ತು. ಫ್ರಾಂಕರಿಲ್ಲ, ಬಲ್ಗೇರಿಯ ಬೈಜಾಂಟಿಯಂ ಪಾಲಾಗಿತ್ತು, ಬೈಜಾಂಟಿಯಂ ತಾನೇ ತತ್ತರಿಸುತ್ತಿತ್ತು. ವೆನಿಸ್ 1000ದಲ್ಲೇ ನೌಕಾಪಡೆ ತಂದು ಕರಾವಳಿ ಪಟ್ಟಣಗಳಿಂದ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡಿತ್ತು. ಉತ್ತರದಲ್ಲಿ ಹಂಗೇರಿ ಒಂದೇ ದೊಡ್ಡದಾಗಿ ಬೆಳೆದಿತ್ತು. 1076ರಲ್ಲಿ ಪೋಪ್‌ನ ದೂತನಿಂದ ಕಿರೀಟ ಪಡೆದ ಜ್ವೊನಿಮೀರ್ ವರ್ಷಕ್ಕೆ 200 ಚಿನ್ನದ ನಾಣ್ಯ ರೋಮಿಗೆ ಕೊಡುವುದಾಗಿ ಪ್ರಮಾಣ ಮಾಡಿದ. ಅವನ ಹೆಂಡತಿ ಹಂಗೇರಿಯ ರಾಜಕುಮಾರಿ, ಮಗ ಮೊದಲೇ ತೀರಿಕೊಂಡಿದ್ದ. 1091ಕ್ಕೆ ತ್ರ್‌ಪಿಮೀರನ ವಂಶ ಮುಗಿಯಿತು. 1097ರಲ್ಲಿ ಕೊನೆಯ ದೇಶೀ ರಾಜ ಪೇತರ್ ಯುದ್ಧದಲ್ಲಿ ಸತ್ತ. 1102ರಲ್ಲಿ ಹಂಗೇರಿಯ ಕೊಲೊಮಾನ್ ಕರಾವಳಿಯ ಬಿಯೋಗ್ರಾದ್‌ನಲ್ಲಿ ಕ್ರೊಯೇಷಿಯದ ರಾಜನೆಂದು ಕಿರೀಟ ಧರಿಸಿದ. ಗೆದ್ದು ತೆಗೆದುಕೊಂಡನೋ, ಶ್ರೀಮಂತ ಮನೆತನಗಳೊಡನೆ ಕರಾರು ಮಾಡಿಕೊಂಡು ತೆಗೆದುಕೊಂಡನೋ ಎಂಬ ಜಗಳ ಹಂಗೇರಿ ಮತ್ತು ಕ್ರೊಯೇಷಿಯದ ಇತಿಹಾಸಕಾರರ ನಡುವೆ ಇನ್ನೂ ಮುಗಿದಿಲ್ಲ.

ಪ್ರವಾಸದ ಬಗ್ಗೆ: ಝಾಗ್ರೆಬ್ ರೈಲು ನಿಲ್ದಾಣದ ಎದುರಿನ ತೊಮಿಸ್ಲಾವನ ಪ್ರತಿಮೆಗೆ ಐದು ನಿಮಿಷ ಸಾಕು. ಸ್ಪ್ಲಿಟ್‌ಗೆ ಹೋಗಿ. ಎಲ್ಲರೂ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಟ್ಟಿಸಿದ ಅರಮನೆಯ ಬಳಿಯೇ ಉಳಿದುಬಿಡುತ್ತಾರೆ. ನೀವು ಕ್ರೊಯೇಷಿಯದ ಪ್ರಾಕ್ತನ ಸ್ಮಾರಕಗಳ ವಸ್ತುಸಂಗ್ರಹಾಲಯವನ್ನು ಕೇಳಿಕೊಂಡು ಹೋಗಿ. ಅಲ್ಲಿ ಷೋಪೊತ್ ಎಂಬ ಹಳ್ಳಿಯ ಚರ್ಚಿನಿಂದ ತಂದ, ಬ್ರನಿಮೀರನನ್ನು ಕ್ರೊಯಾಟರ ನಾಯಕ ಎಂದು ಕರೆಯುವ ಕಲ್ಲಿದೆ. ತ್ರ್‌ಪಿಮೀರನ ಹೆಸರಿನ ಇನ್ನೊಂದು ತುಂಡಿದೆ. ಶಾಸನ ಓದುವ ರೂಢಿ ನಿಮಗಿದೆ ಎಂದು ಪತ್ರದಿಂದಲೇ ಗೊತ್ತಾಗುತ್ತದೆ. ಅಕ್ಷರ ದೊಡ್ಡವು, ಲ್ಯಾಟಿನ್ ಲಿಪಿ, ನಿಧಾನವಾಗಿ ಕೂಡಿಸಿದರೆ ಹೆಸರುಗಳನ್ನು ನೀವೇ ಓದಬಹುದು. ಸಮಯ ಉಳಿದರೆ ಬಸ್ಸು ಹತ್ತಿ ಕ್ಲಿಸ್ ಕೋಟೆಗೆ ಹೋಗಿಬನ್ನಿ. ಮೇಲಿನಿಂದ ಸ್ಪ್ಲಿಟ್ ಪಟ್ಟಣ, ಅದರ ಹೊಲಗಳಿದ್ದ ಬಯಲು, ಬಂದರು ಮೂರೂ ಒಟ್ಟಿಗೆ ಕಾಣುತ್ತವೆ. ಬೇಸಿಲ್ ಏಕೆ ಹಾಗೆ ಅಪ್ಪಣೆ ಕೊಟ್ಟ ಎಂದು ಅಲ್ಲಿ ಯಾರೂ ವಿವರಿಸಬೇಕಾಗಿಲ್ಲ.

— ಸಂಪಾದಕ